ಕರಿದ ಎಣ್ಣೆ ಉಳಿಸೋಕೆ ಹೋಗಿ ಲಿವರ್ ಕೆಡಿಸಿಕೊಳ್ಳಬೇಡಿ

ಹಬ್ಬಕ್ಕೆ ಕಜ್ಜಾಯ, ಚಕ್ಕುಲಿ ಕರಿದಾಯ್ತು. ಬಾಣಲೆಯಲ್ಲಿ ಇನ್ನೂ ಅರ್ಧ ಲೀಟರ್ ಎಣ್ಣೆ ಉಳಿದಿದೆ. ಏನು ಮಾಡ್ತೀರಿ? ಸೋಸಿ ಡಬ್ಬಿಗೆ ಹಾಕ್ತೀರಿ. ನಾಳೆ ಹಪ್ಪಳಕ್ಕೆ, ನಾಡಿದ್ದು ಪೂರಿಗೆ, ಆಮೇಲೆ ಒಗ್ಗರಣೆಗೆ. ಎಣ್ಣೆ ಬೆಲೆ ನೋಡಿದರೆ ಚೆಲ್ಲೋಕೆ ಯಾರಿಗೆ ತಾನೇ ಮನಸ್ಸು ಬರುತ್ತೆ? ಆದರೂ ಇದೊಂದು ಉಳಿತಾಯ ಮಾತ್ರ ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ.

ದೊಮ್ಮಲೂರಿನಂಥ ಬಡಾವಣೆಯ ಗೃಹಿಣಿಯರು ಇದನ್ನು ಗಮನಿಸಲೇಬೇಕು. ಸುತ್ತಮುತ್ತ ಐಟಿ ಕಚೇರಿಗಳು. ಮನೆಮಂದಿ ದಿನವಿಡೀ ಕೂತು ಕೆಲಸ ಮಾಡಿ, ಸಂಜೆ ಗಾಡಿಯಲ್ಲಿ ಬಜ್ಜಿ-ಬೋಂಡ ತಿಂದು ಬರ್ತಾರೆ. ಹೈದರಾಬಾದಿನ 345 ಐಟಿ ಉದ್ಯೋಗಿಗಳನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 84ರಷ್ಟು ಮಂದಿಯ ಲಿವರ್‌ನಲ್ಲಿ ಕೊಬ್ಬು ಹೆಚ್ಚಾಗಿತ್ತು. ಇಲ್ಲಿಯವರ ದಿನಚರಿಯೂ ಅದೇ ಅಲ್ವೇ? ಹನಿ ಮದ್ಯ ಮುಟ್ಟದವರಿಗೂ ಫ್ಯಾಟಿ ಲಿವರ್ ಬರುತ್ತೆ, ನೆನಪಿರಲಿ.

ಕಬ್ಬಿಣ ತುಕ್ಕು ಹಿಡಿಯೋದು, ಎಣ್ಣೆ ಕಮಟು ವಾಸನೆ ಬರೋದು ಎರಡೂ ಆಮ್ಲಜನಕದ ಕೆಲಸ. ಮೈಯೊಳಗೂ ಇಂಥದ್ದೇ ನಡೆಯುತ್ತೆ. ಅದು ಹದ ಮೀರಿದರೆ ವೈದ್ಯರು 'ಆಕ್ಸಿಡೇಟಿವ್ ಸ್ಟ್ರೆಸ್' ಅಂತಾರೆ. ಕೊಬ್ಬು ತುಂಬಿದ ಲಿವರ್‌ಗೆ ಈ ತುಕ್ಕೂ ಸೇರಿದರೆ ಮೊದಲು ಉರಿಯೂತ, ಆಮೇಲೆ ಗಾಯದ ಕಲೆ, ಕೆಲವರಲ್ಲಿ ಸಿರೋಸಿಸ್.

ಸೂರ್ಯಕಾಂತಿ ಎಣ್ಣೆ ಹೃದಯಕ್ಕೆ ಒಳ್ಳೇದು ಅಂತ ತರ್ತೀವಿ. ಆದರೆ ಮತ್ತೆ ಮತ್ತೆ ಕಾಯಿಸಿದರೆ ಅದರ ಕೊಬ್ಬು ಬೇಗ ಕೆಡುತ್ತೆ. ಕೊಬ್ಬರಿ ಎಣ್ಣೆ, ತುಪ್ಪ ಅಷ್ಟು ಬೇಗ ಕೆಡಲ್ಲ, ನಿಜ. ಹಾಗಂತ ಧಾರಾಳವಾಗಿ ಸುರಿದರೆ ಲಿವರ್‌ನಲ್ಲಿ ಕೊಬ್ಬು ಕೂರೋಕೆ ಅವೂ ಕಾರಣವಾಗ್ತವೆ. ಕಾದ ಎಣ್ಣೆಯಲ್ಲಿ ಹುಟ್ಟುವ 'ಪೋಲಾರ್' ಅಂಶ ಶೇ 25 ದಾಟಿದರೆ ಹೋಟೆಲಿನವರು ಅದನ್ನು ಬಳಸುವಂತಿಲ್ಲ ಅನ್ನೋ ನಿಯಮ 2018ರ ಜುಲೈ 1ರಿಂದ ಇದೆ. ನಮ್ಮ ಅಡುಗೆಮನೆಗೆ ಯಾವ ಇನ್‌ಸ್ಪೆಕ್ಟರ್ ಬರ್ತಾನೆ? ನಾವೇ ನೋಡಿಕೊಳ್ಳಬೇಕು. ಚಿಕ್ಕ ಬಾಣಲೆಯಲ್ಲಿ ಸ್ವಲ್ಪವೇ ಎಣ್ಣೆ ಇಟ್ಟು ಕರಿಯಿರಿ. ಉಳಿದದ್ದನ್ನು ಸೋಸಿ, ಎರಡು ದಿನದೊಳಗೆ ಪಲ್ಯ-ಸಾರಿಗೆ ಬಳಸಿ ಮುಗಿಸಿ. ಮತ್ತೆ ಕರಿಯೋಕೆ ಬೇಡ. ಕಪ್ಪಾದ, ನೊರೆ ಬರುವ, ಅಂಟಂಟಾದ ಎಣ್ಣೆಯನ್ನು ಯೋಚಿಸದೆ ಬಿಸಾಡಿ.

ಲಿವರ್‌ಗೆ ತನ್ನದೇ ಕಾವಲು ಕಿಣ್ವಗಳಿವೆ. ಅವು ಕೆಲಸ ಮಾಡೋಕೆ ಸತು, ಸೆಲೆನಿಯಂ, ತಾಮ್ರ ಬೇಕು. ಅದಕ್ಕೆ ದುಬಾರಿ ಮಾತ್ರೆ ಬೇಕಿಲ್ಲ. ಕಾಳು, ಎಳ್ಳು, ರಾಗಿ, ತಿನ್ನುವವರಿಗೆ ಮೊಟ್ಟೆ-ಮೀನು ಇದ್ದರೆ ಸಾಮಾನ್ಯವಾಗಿ ಸಾಕು. ಒಳ್ಳೇದು ಅಂತ ಅತಿಯಾದರೆ ಅದೇ ವಿಷ. ಹಿಂದೆ ನಮ್ಮ ದೇಶದ ಪುಟ್ಟ ಮಕ್ಕಳನ್ನು ಒಂದು ಬಗೆಯ ಸಿರೋಸಿಸ್ ಬಲಿ ತೆಗೆದುಕೊಳ್ತಿತ್ತು. ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿದ ಹಾಲಿಗೆ ಇಳಿದ ತಾಮ್ರಕ್ಕೂ ಅದಕ್ಕೂ ನಂಟಿದೆ ಅಂತ 1980ರ ದಶಕದಲ್ಲಿ ಪುಣೆಯಲ್ಲಿ ನಡೆದ ಸಂಶೋಧನೆ ತೋರಿಸಿತು. ಆ ಪಾತ್ರೆಗಳು ಮರೆಯಾದ ಮೇಲೆ ಕಾಯಿಲೆಯೂ ಅಪರೂಪವಾಯ್ತು. ಆದ್ದರಿಂದ ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹಾಲು, ಮಜ್ಜಿಗೆ, ಹುಳಿ ಬೇಡ. ತಾಮ್ರದ ಬಾಟಲಿಗೆ ನಿಂಬೆ ಪಾನಕವಂತೂ ಬೇಡವೇ ಬೇಡ.

ಇನ್ನು ಕಬ್ಬಿಣದ ವಿಷಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ. ನಿಮಗೆ ವೈದ್ಯರು ಕಬ್ಬಿಣದ ಮಾತ್ರೆ ಬರೆದಿದ್ದರೆ ತಪ್ಪದೆ ತಗೊಳ್ಳಿ. 'ಸುಸ್ತು' ಅಂತ ಗಂಡನಿಗೂ ಒಂದು ಕೊಡಬೇಡಿ. ಹೆಚ್ಚಾದ ಕಬ್ಬಿಣವನ್ನು ಹೊರಹಾಕೋ ದಾರಿ ದೇಹಕ್ಕಿಲ್ಲ. ಅದು ಲಿವರ್‌ನಲ್ಲೇ ಕೂತು ತುಕ್ಕು ಹೆಚ್ಚಿಸುತ್ತೆ.

ಕೊನೆಗೊಂದು ಮಾತು. ಹೊಸ ಎಣ್ಣೆಯ ಪೂರಿ ಗಂಡ-ಮಕ್ಕಳಿಗೆ, ಹಳೇ ಎಣ್ಣೆಯ ಒಗ್ಗರಣೆ ತನಗೆ ಅನ್ನೋ ಲೆಕ್ಕ ಎಷ್ಟೋ ಮನೆಗಳಲ್ಲಿದೆ. ಅದು ತ್ಯಾಗವಲ್ಲ ಕಣ್ರೀ. ನಿಮಗೂ ಇರೋದು ಒಂದೇ ಲಿವರ್!