ನಿಯಮವು ಸಂಕೋಲೆಯೆ?

ಛಂದಸ್ಸು ಕವಿಗೆ ಸಂಕೋಲೆಯೆಂದು ನಮ್ಮ ಮಿತ್ರರಲ್ಲಿ ಹಲವರು ವಾದಿಸುವುದುಂಟು. ನಾನು ಅದನ್ನು ಒಪ್ಪಲಾರೆ.

ಚೀನಾ ದೇಶದಲ್ಲಿ ತಾಂಗ್ ಅರಸರ ಕಾಲಕ್ಕೆ (618–907) ನೆಲೆನಿಂತ ‘ಲ್ಯೂಷಿ’ ಎಂಬ ಪದ್ಯಜಾತಿಯನ್ನು ನೋಡಿರಿ. ಎಂಟೇ ಸಾಲು, ಸಾಲಿಗೆ ಐದು ಇಲ್ಲವೆ ಏಳು ಅಕ್ಷರ. ಸಮಸಂಖ್ಯೆಯ ಸಾಲುಗಳ ಕೊನೆಯಲ್ಲಿ ಪ್ರಾಸ. ಸಮ, ವಿಷಮವೆಂಬ ಎರಡು ಬಗೆಯ ಸ್ವರಗಳು ಗೊತ್ತಾದ ಕ್ರಮದಲ್ಲಿಯೇ ಬರತಕ್ಕದ್ದು. ನಡುವಣ ಎರಡು ಜೋಡಿಗಳಲ್ಲಿ ಪದಕ್ಕೆ ಪದ ಎದುರು ನಿಲ್ಲಬೇಕು. ಒಂದು ಸಾಲಿನಲ್ಲಿ ಬೆಟ್ಟ ಬಂದರೆ ಮತ್ತೊಂದರಲ್ಲಿ ಹೊಳೆ.

ಇಷ್ಟು ಬಿಗಿಯೊಳಗೇ ದು ಫು ಕವಿ (712–770) ಯುದ್ಧದಿಂದ ಹಾಳಾದ ನಾಡಿನ ದುಃಖವನ್ನು ತೋಡಿಕೊಂಡನು. ಪದ್ಯರಚನೆಯು ಅಂದಿನ ಸರ್ಕಾರಿ ಪರೀಕ್ಷೆಯ ಒಂದು ವಿಷಯವಾಗಿತ್ತು. ಆ ಪರೀಕ್ಷೆಯಲ್ಲಿ ದು ಫು ಎಂದೂ ತೇರ್ಗಡೆಯಾಗಲಿಲ್ಲ! ಪದವಿ ಒಲಿಯದಿದ್ದರೂ ಛಂದಸ್ಸು ಅವನಿಗೆ ಒಲಿಯಿತು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲೇರಿದವರಲ್ಲಿ ನಾನೇ ಮೊದಲಿಗ. ಕಾವ್ಯವನ್ನು ಮನೆಯಲ್ಲಿಯೇ ಕೇಳಿ ಬೆಳೆದವರಿಗೆ ನಿಯಮವು ಹೊರೆಯೆನಿಸಬಹುದು. ನನ್ನಂಥವನಿಗಾದರೋ ಅದೇ ಬಾಗಿಲು. ಅಭಿರುಚಿಯು ಕೆಲವರಿಗೆ ಹಿರಿಯರಿಂದ ಬರುತ್ತದೆ. ಬರೆದಿಟ್ಟ ನಿಯಮವನ್ನು ಯಾರು ಬೇಕಾದರೂ ಕಲಿಯಬಹುದಲ್ಲವೆ?

ಮುರಿಯುವುದಾದರೆ ಕಲಿತು ಮುರಿಯೋಣ. ದು ಫು ಕೂಡ ಪಳಗಿದ ಮೇಲೆಯೇ ಅಲ್ಲಲ್ಲಿ ಸ್ವರನಿಯಮವನ್ನು ಮೀರಿದನು.