ಅವಳು ಎಲ್ಲಿದ್ದಳು?

‘ಏಕ್ ದಿನ್ ಪ್ರತಿದಿನ್’ 1979ರ ಬಂಗಾಳಿ ಚಿತ್ರ. ಅದನ್ನು ನೋಡಿದ ಸಭ್ಯ ಗೃಹಸ್ಥರು ಅಂದಿನಿಂದಲೂ ಕೇಳುತ್ತ ಬಂದಿರುವ ಪ್ರಶ್ನೆ ಒಂದೇ: ‘ಅದೆಲ್ಲ ಸರಿ, ಆ ಹುಡುಗಿ ರಾತ್ರಿಯೆಲ್ಲ ಎಲ್ಲಿದ್ದಳು?’ ನಿರ್ದೇಶಕ ಮೃಣಾಲ್ ಸೇನರನ್ನೂ ಜನ ಹೀಗೆಯೇ ಕಾಡಿದರು. ತಮಗೂ ಗೊತ್ತಿಲ್ಲವೆಂದು ಅವರು ಹೇಳಿದರು. ಇದು ಜಾರಿಕೆಯ ಮಾತು, ಕಥೆ ಹೇಳ ಹೊರಟವನಿಗೆ ಅದನ್ನು ಮುಗಿಸುವ ಹೊಣೆಯೂ ಇರಬೇಡವೆ, ಎಂದು ವಿದ್ಯಾವಂತರೇ ವಾದಿಸುವುದನ್ನು ಕೇಳಿದ್ದೇನೆ. ನಾನಾದರೋ ಆ ಉತ್ತರವನ್ನು ಪೂರ್ಣವಾಗಿ ಒಪ್ಪುತ್ತೇನೆ. ತಪ್ಪಿರುವುದು ಪ್ರಶ್ನೆಯಲ್ಲಿ.

ಕಥೆ ಬಹು ಸಣ್ಣದು. ಕಲ್ಕತ್ತೆಯ ಒಂದು ಹಳೆಯ ವಠಾರ. ಅಲ್ಲಿ ಏಳು ಮಂದಿಯ ಸಂಸಾರ. ತಂದೆ ನಿವೃತ್ತರು. ದೊಡ್ಡ ಹುಡುಗನಿಗೆ ಕೆಲಸವಿಲ್ಲ. ಚಿನು ಎಂಬ ಮಗಳ ಸಂಬಳದಿಂದ ಒಲೆ ಉರಿಯಬೇಕು. ಒಂದು ಸಂಜೆ ಅವಳು ಕಚೇರಿಯಿಂದ ಹಿಂದಿರುಗುವುದಿಲ್ಲ. ಹೊತ್ತು ಕಳೆದಂತೆ ಕಳವಳ ಏರುತ್ತದೆ. ಪೊಲೀಸ್ ಠಾಣೆ, ಆಸ್ಪತ್ರೆ, ಕೊನೆಗೆ ಶವಾಗಾರದವರೆಗೂ ಹುಡುಕಾಟ. ನೆರೆಯವರಲ್ಲಿ ಮೊದಲು ಅನುಕಂಪ, ಆಮೇಲೆ ಪಿಸುಮಾತು. ರಾತ್ರಿ ಬಹಳ ಕಳೆದ ಮೇಲೆ ಚಿನು ಬರುತ್ತಾಳೆ, ಕ್ಷೇಮವಾಗಿ.

ಚಿತ್ರ ನಮ್ಮನ್ನು ಅಲ್ಲಾಡಿಸುವುದು ಇಲ್ಲಿ. ಸತ್ತಳೋ ಏನೋ ಎಂದು ಅತ್ತವರೇ ಬದುಕಿ ಬಂದವಳನ್ನು ಕಂಡು ನಗಲಾರರು. ಊಟವಾಯಿತೇ ಎನ್ನುವವರಿಲ್ಲ. ಬಾಯಿಬಿಟ್ಟು ಬೈಯುವವರೂ ಇಲ್ಲ. ಆ ಮೌನದಲ್ಲಿಯೇ ವಿಚಾರಣೆ ನಡೆದು ತೀರ್ಪೂ ಆಗಿರುತ್ತದೆ. ಮನೆಯ ಮಾಲೀಕರಿಗಂತೂ ಮರ್ಯಾದಸ್ಥರ ಮನೆಯ ಚಿಂತೆ. ಚಿನುವಿನ ಪಾತ್ರ ವಹಿಸಿರುವ ಮಮತಾ ಶಂಕರ್ ಅವರ ಮುಖವನ್ನು ಈ ಘಳಿಗೆಯಲ್ಲಿ ನೋಡಬೇಕು. ತನ್ನ ಮನೆ ಎಂದು ತಿಳಿದಿದ್ದುದು ಏನಾಗಿತ್ತೆಂಬುದು ಅವಳಿಗೆ ಆಗ ಹೊಳೆಯುತ್ತದೆ.

ತಂಗಿ ಮಿನು ಒಬ್ಬಳಿಗೆ ಇದು ಮೊದಲೇ ಹೊಳೆದಿದೆ. ನಾವೆಲ್ಲ ಹೆದರಿದ್ದು ಅಕ್ಕನಿಗಾಗಿಯೋ, ನಮಗಾಗಿಯೋ? ಅವಳ ಕಟುನುಡಿಗಳ ಹಿಂದಿರುವುದು ಈ ಶಂಕೆ. ತಾಯಿಯ ಮಮತೆ ಸುಳ್ಳೆಂದು ಚಿತ್ರ ಹೇಳುವುದಿಲ್ಲ. ಹಾಗೆ ಹೇಳಿದ್ದರೆ ನಮಗೆ ಎಷ್ಟೋ ಹಗುರವಾಗುತ್ತಿತ್ತು. ಮಮತೆಯೂ ನಿಜ, ಅದರೊಳಗಿನ ಸಂಬಳದ ಲೆಕ್ಕವೂ ನಿಜ, ಎರಡನ್ನೂ ಬಿಡಿಸಿ ತೂಗಬಲ್ಲ ತಕ್ಕಡಿ ಯಾರ ಮನೆಯಲ್ಲಿಯೂ ಇಲ್ಲ. ದುಡಿಯುವ ಹೆಣ್ಣುಮಗಳಿರುವ ಯಾವ ಮನೆಯವರೂ, ಬೆಂಗಳೂರಿನವರಾಗಲಿ ಮೈಸೂರಿನವರಾಗಲಿ, ಇದನ್ನು ಪರರಾಜ್ಯದ ಕಥೆಯೆಂದು ತಳ್ಳಿಹಾಕುವಂತಿಲ್ಲ.

ನಿಜ ಯಾವುದೆಂದು ಕಾಣದೆ ತಬ್ಬಿಬ್ಬಾಗುವ ಮಾತು ಬಂದರೆ ನಮ್ಮವರು ಕುರೊಸಾವಾನ ‘ರಾಶೊಮಾನ್’ (1950) ಚಿತ್ರವನ್ನು ಎಳೆದು ತರುತ್ತಾರೆ. ದೊಡ್ಡ ಕೃತಿ, ಸಂದೇಹವಿಲ್ಲ. ಆದರೆ ಅಲ್ಲಿ ಎಲ್ಲರಿಗೂ ಹೇಳಿಕೆ ಕೊಡುವ ಅವಕಾಶವಿದೆ. ಸತ್ತವನೂ ಮೈದುಂಬಿದವಳ ಬಾಯಿಂದ ಸಾಕ್ಷಿ ನುಡಿಯುತ್ತಾನೆ. ಇಲ್ಲಿ ಚಿನು ಬದುಕಿದ್ದೂ ಅವಳಿಂದ ಯಾರಿಗೂ ಸಾಕ್ಷಿ ಬೇಕಿಲ್ಲ. ಸತ್ಯಕ್ಕೆ ಹಲವು ಮುಖ ಎಂದು ತಲೆದೂಗಿ ಮನೆಗೆ ಹೋಗುವ ಸುಖ ಈ ಚಿತ್ರದಲ್ಲಿ ಸಿಗದು.

ಈಗ ಮೊಬೈಲು ಬಂದಿರುವುದರಿಂದ ಇಂಥ ಕಥೆ ನಡೆಯಲಾರದು ಎನ್ನುವ ಜಾಣರೂ ಇದ್ದಾರೆ. ಮೊಬೈಲು ಮಗಳಿರುವ ಸ್ಥಳವನ್ನು ತಿಳಿಸೀತು. ಬಾಗಿಲು ತೆರೆದಾಗ ತಂದೆಯ ಮುಖ ಹೇಗಿರುತ್ತದೆಂಬುದನ್ನು ಅದು ತಿಳಿಸುವುದೆ?

ಇನ್ನು ಆ ಪ್ರಶ್ನೆ. ಚಿತ್ರದೊಳಗೆ ಅದನ್ನು ಮನಸ್ಸಿನಲ್ಲಿ ಮೆಲುಕು ಹಾಕುವವರು ವಠಾರದವರು ಮತ್ತು ಮಾಲೀಕರು. ಹೊರಬಂದು ಅದನ್ನೇ ಕೇಳುವ ಪ್ರೇಕ್ಷಕ ಮಹಾಶಯರು ತಾವೂ ಆ ಮೆಟ್ಟಿಲ ಮೇಲೆ ನಿಂತಿದ್ದೇವೆಂಬುದನ್ನು ಗಮನಿಸಿದಂತಿಲ್ಲ. ಸೇನರು ಕಾರಣ ಕೊಟ್ಟಿದ್ದರೆ ಏನಾಗುತ್ತಿತ್ತು? ಗೆಳತಿಗೆ ಕಾಯಿಲೆ ಎಂದಿದ್ದರೆ ಕ್ಷಮಿಸುತ್ತಿದ್ದೆವು. ಬೇರೇನೋ ಎಂದಿದ್ದರೆ ಮನೆಯವರ ಪಕ್ಷ ಸೇರುತ್ತಿದ್ದೆವು. ಎರಡೂ ಬಗೆಯಲ್ಲಿ ನ್ಯಾಯಾಧೀಶರ ಪೀಠ ನಮ್ಮದೇ. ಗಂಡುಮಗನೊಬ್ಬ ರಾತ್ರಿ ತಡವಾಗಿ ಬಂದರೆ ಈ ಪೀಠವನ್ನು ಯಾರೂ ಹಾಕುವುದಿಲ್ಲ.

ಬೆಳಗಾಗುತ್ತದೆ. ತಾಯಿ ಎಂದಿನಂತೆ ಒಲೆ ಹೊತ್ತಿಸುತ್ತಾಳೆ. ಆ ದಿನ ಚಿನು ಕಚೇರಿಗೆ ಹೇಗೆ ಹೋದಳೆಂದು ಕೇಳಿದವರನ್ನು ನಾನು ಇನ್ನೂ ಕಂಡಿಲ್ಲ.