ನೆರೆ ಇಳಿದ ನಂತರದ ನೆರವು: ಸಮೀಕ್ಷೆ, ದಾಖಲೆ ಮತ್ತು ಪುನರ್ವಸತಿ – ಒಂದು ಅವಲೋಕನ

ಉತ್ತರ ಕರ್ನಾಟಕದ ಕೃಷ್ಣಾ, ಭೀಮಾ, ಘಟಪ್ರಭಾ ಹಾಗೂ ಮಲಪ್ರಭಾ ನದಿತೀರದ ಗ್ರಾಮಗಳ ಪೈಕಿ ಹಲವು 2009ರಿಂದ ಈಚೆಗೆ ಒಂದಕ್ಕಿಂತ ಹೆಚ್ಚು ಬಾರಿ ನೆರೆಗೆ ತುತ್ತಾಗಿವೆ. ನೀರು ಕೆಲವೇ ದಿನಗಳಲ್ಲಿ ಇಳಿಯುತ್ತದೆ; ಸಂತ್ರಸ್ತ ಕುಟುಂಬವು ಮತ್ತೆ ನೆಲೆಗೊಳ್ಳಲು ವರ್ಷಗಳೇ ಬೇಕಾಗುತ್ತವೆ. ನೆರವಿನ ಮೊತ್ತ ಎಷ್ಟು ಎಂಬುದರಷ್ಟೇ, ಹಾನಿಯು ದಾಖಲೆಯಲ್ಲಿ ಸರಿಯಾಗಿ ನಮೂದಾಗಿದೆಯೇ ಎಂಬುದೂ ಈ ಅವಧಿಯನ್ನು ನಿರ್ಧರಿಸುತ್ತದೆ. ಆದುದರಿಂದ ಮಳೆಗಾಲಕ್ಕೆ ಮುನ್ನ ದಾಖಲೆಗಳನ್ನು ಸರಿಪಡಿಸಿಕೊಳ್ಳುವುದು ಸಹ ನೆರೆ ಸುರಕ್ಷತೆಯ ಒಂದು ಭಾಗವೆಂದು ಪರಿಗಣಿಸತಕ್ಕದ್ದು.

ಎರಡು ಬಗೆಯ ನೆರೆ

2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಆರಂಭದಲ್ಲಿ ಉಂಟಾದ ನೆರೆಗೆ ಸ್ಥಳೀಯವಾಗಿ ಸುರಿದ ಅತಿವೃಷ್ಟಿಯೇ ಪ್ರಮುಖ ಕಾರಣವಾಗಿತ್ತು. ಇನ್ನೂರಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು. ಮಣ್ಣಿನ ಗೋಡೆ ಮತ್ತು ಮಣ್ಣಿನ ಮಾಳಿಗೆಯ ಮನೆಗಳು ಅಪಾರ ಸಂಖ್ಯೆಯಲ್ಲಿ ಕುಸಿದವು.

ಎರಡನೆಯ ಬಗೆಯ ನೆರೆಯು ಊರಿನಲ್ಲಿ ಮಳೆಯಿಲ್ಲದಿದ್ದರೂ ಬರುತ್ತದೆ. ಮಹಾರಾಷ್ಟ್ರದ ಪಶ್ಚಿಮ ಘಟ್ಟದಲ್ಲಿ ಮಳೆ ಹೆಚ್ಚಿ ಕೊಯ್ನಾ ಮುಂತಾದ ಜಲಾಶಯಗಳಿಂದ ನೀರು ಬಿಟ್ಟಾಗ ಚಿಕ್ಕೋಡಿ, ರಾಯಬಾಗ, ಅಥಣಿ ಭಾಗದ ಗ್ರಾಮಗಳು ಜಲಾವೃತವಾಗುತ್ತವೆ. ಉಜನಿ ಜಲಾಶಯದಿಂದ ನೀರು ಬಿಟ್ಟಾಗ ವಿಜಯಪುರ ಹಾಗೂ ಕಲಬುರಗಿ ಜಿಲ್ಲೆಗಳ ಭೀಮಾ ತೀರದಲ್ಲಿ ಇದೇ ಸ್ಥಿತಿ ಉಂಟಾಗುತ್ತದೆ. 2020ರ ಅಕ್ಟೋಬರ್ ಹಾಗೂ 2025ರ ಸೆಪ್ಟೆಂಬರ್‌ನಲ್ಲಿ ಭೀಮಾ ನದಿಯಲ್ಲಿ ನೆರೆ ಬಂದಿತ್ತು. 2019ರ ಆಗಸ್ಟ್‌ನಲ್ಲಿ ಹೊರರಾಜ್ಯದ ನೀರು ಮತ್ತು ಸ್ಥಳೀಯ ಮಳೆ ಎರಡೂ ಏಕಕಾಲಕ್ಕೆ ಒದಗಿದ್ದರಿಂದ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಹಾನಿ ತೀವ್ರವಾಯಿತು.

ಆದ್ದರಿಂದ ಆಕಾಶ ನಿರ್ಮಲವಾಗಿದೆ ಎಂಬ ಕಾರಣಕ್ಕೆ ತೆರವು ಸೂಚನೆಯನ್ನು ಅಲಕ್ಷಿಸುವುದು ಅಪಾಯಕರ. ಡಂಗುರ, ಧ್ವನಿವರ್ಧಕ ಅಥವಾ ಮೊಬೈಲ್ ಸಂದೇಶದ ಮೂಲಕ ಸೂಚನೆ ಬಂದ ಕೂಡಲೇ ವೃದ್ಧರು, ಮಕ್ಕಳು, ಗರ್ಭಿಣಿಯರು ಹಾಗೂ ಜಾನುವಾರುಗಳನ್ನು ಮೊದಲು ಸ್ಥಳಾಂತರಿಸತಕ್ಕದ್ದು. ಮುಳುಗಿದ ಸೇತುವೆ ದಾಟುವುದನ್ನು ಯಾವ ಕಾರಣಕ್ಕೂ ಪ್ರಯತ್ನಿಸಬಾರದು. ನೆರವಿಗಾಗಿ ಜಿಲ್ಲಾ ತುರ್ತು ನಿರ್ವಹಣಾ ಕೇಂದ್ರದ 1077 ಅಥವಾ ತುರ್ತು ಸೇವೆಯ 112 ಸಂಖ್ಯೆಗೆ ಕರೆ ಮಾಡಬಹುದಾಗಿದೆ.

ಮನೆ ಹಾನಿ: ವರ್ಗೀಕರಣದ ಮಹತ್ವ

2019ರಲ್ಲಿ ನೀರು ನುಗ್ಗಿದ ಮನೆಗಳ ಕುಟುಂಬಗಳಿಗೆ ಬಟ್ಟೆ, ಪಾತ್ರೆಗಳ ನಷ್ಟಕ್ಕಾಗಿ ಕೇಂದ್ರದ ಮಾರ್ಗಸೂಚಿಯಂತೆ ದೊರೆಯುತ್ತಿದ್ದ ರೂ. 3,800 ಮೊತ್ತವನ್ನು ರಾಜ್ಯ ಸರ್ಕಾರವು ರೂ. 10,000ಕ್ಕೆ ಹೆಚ್ಚಿಸಿತು. ಅದೇ ವರ್ಷ ಶೇ. 75ಕ್ಕೂ ಹೆಚ್ಚು ಹಾನಿಯಾದ ಮನೆಗಳನ್ನು 'ಎ' ವರ್ಗ, ಶೇ. 25ರಿಂದ 75ರಷ್ಟು ಹಾನಿಯಾದವುಗಳನ್ನು 'ಬಿ' ವರ್ಗ ಹಾಗೂ ಅದಕ್ಕಿಂತ ಕಡಿಮೆ ಹಾನಿಯಾದವುಗಳನ್ನು 'ಸಿ' ವರ್ಗ ಎಂದು ಗುರುತಿಸಲಾಯಿತು. 'ಎ' ವರ್ಗಕ್ಕೆ ರೂ. 5 ಲಕ್ಷ ನೀಡಲಾಗಿದ್ದು, 'ಸಿ' ವರ್ಗಕ್ಕೆ ನಿಗದಿಯಾದ ಮೊತ್ತ ರೂ. 50,000 ಆಗಿತ್ತು.

ಒಂದು ಅಕ್ಷರದ ವ್ಯತ್ಯಾಸದಿಂದ ಮೊತ್ತವು ಹತ್ತು ಪಟ್ಟು ಬದಲಾಗುವಲ್ಲಿ ಸಮೀಕ್ಷೆಯ ದಿನವೇ ನಿರ್ಣಾಯಕವಾಗುತ್ತದೆ. ನೀರು ಕುಡಿದ ಮಣ್ಣಿನ ಗೋಡೆಯು ನೆರೆಯ ದಿನ ನಿಂತಿದ್ದು, ಬಿಸಿಲು ಬಿದ್ದು ಒಣಗುವಾಗ ಬಿರುಕು ಬಿಟ್ಟು ಕುಸಿಯುವುದುಂಟು. ಸಮೀಕ್ಷಾ ತಂಡ ಬಂದು ಹೋದ ಮೇಲೆ ಬಿದ್ದ ಗೋಡೆಯು ಮೊದಲ ವರದಿಯಲ್ಲಿ ಸೇರಿರುವುದಿಲ್ಲ. ಇಂತಹ ಸಂದರ್ಭದಲ್ಲಿ ಮಾಲೀಕರು ಅವಶೇಷಗಳನ್ನು ತೆರವುಗೊಳಿಸುವ ಮುನ್ನ ದಿನಾಂಕ ಸಹಿತ ಛಾಯಾಚಿತ್ರ ತೆಗೆದು, ಮರುಸಮೀಕ್ಷೆ ಕೋರಿ ತಹಶೀಲ್ದಾರರಿಗೆ ಲಿಖಿತ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯುವುದು ಸೂಕ್ತ. ಬಿರುಕು ಬಿಟ್ಟ ಮನೆಯಲ್ಲಿ ವಾಸಿಸುವುದನ್ನು ಸಮೀಕ್ಷೆ ಮುಗಿಯುವವರೆಗೂ, ನಂತರವೂ, ತಪ್ಪಿಸತಕ್ಕದ್ದು.

ಮನೆ ನಿರ್ಮಾಣದ ಮೊತ್ತವು ಒಂದೇ ಬಾರಿಗೆ ಪಾವತಿಯಾಗದೆ, ಕಾಮಗಾರಿಯ ಹಂತಗಳ ಛಾಯಾಚಿತ್ರ ಆಧರಿಸಿ ಕಂತುಗಳಲ್ಲಿ ಬಿಡುಗಡೆಯಾಗುವ ಪದ್ಧತಿ ಇದೆ. ತಳಪಾಯ ಹಾಕಲು ಕೈಯಲ್ಲಿ ಹಣವಿಲ್ಲದ ಕುಟುಂಬಕ್ಕೆ ಮುಂದಿನ ಕಂತು ದೊರೆಯುವುದಿಲ್ಲ. ಕಂತು ದೊರೆಯದೆ ಗೋಡೆ ಏಳುವುದಿಲ್ಲ. ಅರ್ಧಕ್ಕೆ ನಿಂತ ಮನೆಗಳಿಗೆ ಇದು ಮುಖ್ಯ ಕಾರಣಗಳಲ್ಲೊಂದು.

ಬೆಳೆ ಹಾನಿ: ಪಹಣಿಯಲ್ಲಿನ ಹೆಸರು

ಕೇಂದ್ರ ಸರ್ಕಾರವು 2022ರಿಂದ 2026ರ ಅವಧಿಗೆ ನಿಗದಿಪಡಿಸಿದ ಮಾರ್ಗಸೂಚಿಯಂತೆ, ಶೇ. 33 ಹಾಗೂ ಅದಕ್ಕಿಂತ ಹೆಚ್ಚು ಬೆಳೆ ನಷ್ಟವಾದಲ್ಲಿ ಪ್ರತಿ ಹೆಕ್ಟೇರ್‌ಗೆ ಮಳೆಯಾಶ್ರಿತ ಬೆಳೆಗೆ ರೂ. 8,500, ನೀರಾವರಿ ಬೆಳೆಗೆ ರೂ. 17,000 ಹಾಗೂ ಬಹುವಾರ್ಷಿಕ ಬೆಳೆಗೆ ರೂ. 22,500 ಗರಿಷ್ಠ 2 ಹೆಕ್ಟೇರ್‌ವರೆಗೆ ನಿಗದಿಯಾಗಿತ್ತು. 2025ರಲ್ಲಿ ರಾಜ್ಯ ಸರ್ಕಾರವು ಇದಕ್ಕೆ ಹೆಕ್ಟೇರ್‌ಗೆ ರೂ. 8,500 ಹೆಚ್ಚುವರಿಯಾಗಿ ಘೋಷಿಸಿತು. ಈ ಮೊತ್ತವು ಬೆಳೆಯ ಪೂರ್ಣ ಬೆಲೆಯಲ್ಲ. ಮರುಬಿತ್ತನೆಯ ಖರ್ಚಿಗೆ ನೀಡುವ ಸಹಾಯಧನವೆಂಬುದನ್ನು ಗಮನಿಸತಕ್ಕದ್ದು.

ಸಹಾಯಧನವು ಪಹಣಿಯಲ್ಲಿ ಹೆಸರಿರುವವರ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ಇದರಿಂದ ಮಧ್ಯವರ್ತಿಗಳಿಗೆ ಅವಕಾಶ ಕಡಿಮೆಯಾಗಿದೆ. ಆದರೆ ಜಮೀನು ಮೃತ ತಂದೆಯ ಹೆಸರಿನಲ್ಲೇ ಉಳಿದಿದ್ದಲ್ಲಿ ಅಥವಾ ಪಹಣಿ ಹಾಗೂ ಆಧಾರ್‌ನಲ್ಲಿ ಹೆಸರು ಬೇರೆಯಾಗಿದ್ದಲ್ಲಿ ಪಾವತಿ ಸ್ಥಗಿತಗೊಳ್ಳುತ್ತದೆ. ಲಾವಣಿ ಅಥವಾ ಪಾಲಿನ ಮೇಲೆ ಉಳುಮೆ ಮಾಡಿದವರ ಹೆಸರು ಪಹಣಿಯಲ್ಲಿ ಇರುವುದು ವಿರಳವಾದ್ದರಿಂದ ಬೀಜ, ಗೊಬ್ಬರಕ್ಕೆ ಹಣ ಹಾಕಿದವರು ಒಬ್ಬರು, ಸಹಾಯಧನ ಪಡೆಯುವವರು ಮತ್ತೊಬ್ಬರು ಆಗುವುದುಂಟು.

ಸ್ಥಳಾಂತರದ ಅನುಭವ

2009ರ ನೆರೆಯ ನಂತರ 'ಆಸರೆ' ಯೋಜನೆಯಡಿ ದಾನಿಗಳ ಸಹಕಾರದೊಂದಿಗೆ ಎತ್ತರದ ಸ್ಥಳಗಳಲ್ಲಿ ಮನೆಗಳನ್ನು ನಿರ್ಮಿಸಲಾಯಿತು. ಆದಾಗ್ಯೂ ಹಲವೆಡೆ ಕುಟುಂಬಗಳು ಹಳೆಯ ಊರಿನಲ್ಲೇ ಉಳಿದವು. 2019ರಲ್ಲಿ ಅಂತಹವರು ಮತ್ತೊಮ್ಮೆ ನೀರಿನ ನಡುವೆ ಸಿಲುಕಿದರು. ಹೊಲದಿಂದ ದೂರ, ದನಕರುಗಳಿಗೆ ಹಾಗೂ ಕಣಜ, ಮೇವಿನ ಬಣವೆಗಳಿಗೆ ಜಾಗದ ಕೊರತೆ, ಕುಡಿಯುವ ನೀರು ಮತ್ತು ರಸ್ತೆಯ ಅಭಾವ, ಒಂದೇ ಮನೆಯಲ್ಲಿ ಬೆಳೆದ ಅಣ್ಣತಮ್ಮಂದಿರ ಸಂಸಾರಗಳು – ಇವು ಜನರು ಹಿಂದೇಟು ಹಾಕಲು ಕಾರಣಗಳು. ಒಕ್ಕಲುತನದ ಕುಟುಂಬಕ್ಕೆ ಸೂರು ಮಾತ್ರ ಒದಗಿಸಿದರೆ ಪುನರ್ವಸತಿ ಪೂರ್ಣವಾಗುವುದಿಲ್ಲ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಮೃತರ ಹೆಸರಿನಲ್ಲಿರುವ ಜಮೀನಿಗೆ ಪೌತಿ ಖಾತೆ ಬದಲಾವಣೆಯನ್ನು ಮಳೆಗಾಲಕ್ಕೆ ಮುನ್ನ ಮಾಡಿಸಿಕೊಳ್ಳುವುದು.
2. ಆಧಾರ್, ಬ್ಯಾಂಕ್ ಖಾತೆ ಹಾಗೂ ಪಹಣಿಯಲ್ಲಿನ ಹೆಸರುಗಳನ್ನು ತಾಳೆ ನೋಡುವುದು.
3. ಮೂಲ ದಾಖಲೆಗಳನ್ನು ನೀರು ತಾಗದ ಚೀಲದಲ್ಲಿಟ್ಟು, ತೆರವಿನ ಸಮಯದಲ್ಲಿ ಜೊತೆಗೆ ಒಯ್ಯುವುದು.
4. ಕಾಳಜಿ ಕೇಂದ್ರದಲ್ಲಿ ಆಶ್ರಯ ಪಡೆದಾಗ ಕುಟುಂಬದ ಎಲ್ಲರ ಹೆಸರು ನೋಂದಾಯಿಸುವುದು.
5. ಜಾನುವಾರು ಮೃತಪಟ್ಟಲ್ಲಿ ಹೂಳುವ ಮುನ್ನ ಪಶುವೈದ್ಯರಿಗೆ ತಿಳಿಸಿ ವರದಿ ಪಡೆಯುವುದು.
6. ಬೆಳೆ ವಿಮೆ ಮಾಡಿಸಿದವರು ವಿಮಾ ವ್ಯಾಪ್ತಿಗೆ ಬರುವ ಸ್ಥಳೀಯ ವಿಕೋಪದ ಹಾನಿಯನ್ನು 72 ಗಂಟೆಗಳೊಳಗೆ ತಿಳಿಸುವುದು. ವಿಮೆಯ ದೂರು ಮತ್ತು ಸಹಾಯಧನದ ಸಮೀಕ್ಷೆ ಬೇರೆ ಬೇರೆಯಾಗಿದ್ದು, ಒಂದನ್ನು ಸಲ್ಲಿಸಿದ ಮಾತ್ರಕ್ಕೆ ಇನ್ನೊಂದು ಆದಂತಾಗುವುದಿಲ್ಲ.

ಪರಿಹಾರದ ದರಗಳು ಆಯಾ ವರ್ಷದ ಸರ್ಕಾರಿ ಆದೇಶಗಳಿಗೆ ಒಳಪಟ್ಟಿರುತ್ತವೆ. ಪ್ರಸ್ತುತ ದರ ಹಾಗೂ ಅರ್ಜಿಯ ಸ್ಥಿತಿಯನ್ನು ಗ್ರಾಮ ಆಡಳಿತ ಅಧಿಕಾರಿ, ನಾಡಕಚೇರಿ ಅಥವಾ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ ತಿಳಿದುಕೊಳ್ಳಲು ಸಾರ್ವಜನಿಕರನ್ನು ಕೋರಲಾಗಿದೆ.